ಫೈಬರ್ ದೋಣಿ ಮುಳುಗುವುದಿಲ್ಲ ಎಂಬುದು ನಿಜವೇ?

ಮರದ ದೋಣಿ ಮುಳುಗಬಹುದು, ಫೈಬರ್ ದೋಣಿ ಮುಳುಗುವುದಿಲ್ಲ ಎಂದು ನಂಬಿದವರು ಅನೇಕರಿದ್ದಾರೆ. ಬೋಳಾರದ ನದಿದಂಡೆಯಲ್ಲಿ ನಿಂತು ನೇತ್ರಾವತಿಯಲ್ಲಿ ಸಾಗುವ ಹಗುರವಾದ ದೋಣಿಗಳನ್ನು ಕಂಡವರಿಗೆ ಹಾಗೆ ಅನಿಸಿದರೆ ಆಶ್ಚರ್ಯವಿಲ್ಲ. ಆದರೆ ಸಂಗತಿ ತಿರುಗುಮುರುಗು. ಒಡೆದ ಫೈಬರ್ ಹಾಳೆಯ ತುಂಡೊಂದನ್ನು ಬಕೆಟ್ ನೀರಿನೊಳಗೆ ಅದ್ದಿ ಬಿಡಿ, ತಳ ಸೇರುತ್ತದೆ. ಮರದ ತುಂಡು ಮೇಲೆ ಬರುತ್ತದೆ.

ನಾವು ಫೈಬರ್ ಎನ್ನುವುದು ಗಾಜಿನ ಎಳೆಗಳ ಚಾಪೆಗೆ ಪಾಲಿಯೆಸ್ಟರ್ ರಾಳ ಸವರಿ ಗಟ್ಟಿ ಮಾಡಿದ ವಸ್ತು. ಅದರ ಸಾಂದ್ರತೆ ನೀರಿನ ಸುಮಾರು ಒಂದೂವರೆ ಪಟ್ಟು. ದೋಣಿಯಾಗಿ ಅದು ತೇಲುವುದು ಒಳಗಿನ ಟೊಳ್ಳಿನಿಂದ, ಕಬ್ಬಿಣದ ಹಡಗು ತೇಲುವಂತೆಯೇ. ಆ ಟೊಳ್ಳಿಗೆ ನೀರು ತುಂಬಿದರೆ ಏನಾಗುತ್ತದೆ?

ಲೆಕ್ಕ ಹಾಕೋಣ. 300 ಕಿಲೋ ತೂಕದ ಫೈಬರ್ ದೋಣಿಯ ಗೋಡೆ, ತಳ ಎಲ್ಲ ಸೇರಿ 200 ಲೀಟರ್ ಗಾತ್ರ. ಪೂರ್ತಿ ಮುಳುಗಿದಾಗ ಅದು 200 ಲೀಟರ್ ನೀರನ್ನಷ್ಟೇ ಪಕ್ಕಕ್ಕೆ ಸರಿಸುತ್ತದೆ, ಅಂದರೆ 200 ಕಿಲೋ ಆಸರೆ. ಉಳಿದ 100 ಕಿಲೋ ಕೆಳಗೆ ಎಳೆಯುತ್ತದೆ. ಮೇಲೆ 40 ಕಿಲೋದ ಎಂಜಿನ್ ಬೇರೆ. ಅಷ್ಟೇ ತೂಕದ ಹೆಬ್ಬಲಸಿನ ದೋಣಿಯಾದರೆ ಮರದ ಗಾತ್ರವೇ ಸುಮಾರು 500 ಲೀಟರ್. ನೀರು ತುಂಬಿದರೂ ಅಂಚು ಕಾಣುವಂತೆ ತೇಲಿಕೊಂಡಿರುತ್ತದೆ, ಹಿಡಿದುಕೊಳ್ಳಲು ಏನಾದರೂ ಇರುತ್ತದೆ.

ಇದಕ್ಕೆ ಪರಿಹಾರ ಹಳೆಯದೇ: ದೋಣಿಯ ಒಳಪದರದಲ್ಲಿ ಗಾಳಿಗುಳ್ಳೆಗಳ ನೊರೆ, ಅಂದರೆ ಫೋಮ್ ತುಂಬುವುದು. ಅಮೆರಿಕದ ಬೋಸ್ಟನ್ ವೇಲರ್ ಕಂಪನಿ ಇದನ್ನು ಹೆಸರುವಾಸಿ ಮಾಡಿತು. 1961ರಲ್ಲಿ ಅದರ ಸ್ಥಾಪಕ ಡಿಕ್ ಫಿಶರ್ ದೋಣಿಯಲ್ಲಿ ಕೂತಿದ್ದಂತೆಯೇ ಅದನ್ನು ಗರಗಸದಿಂದ ಎರಡು ತುಂಡು ಮಾಡಿಸಿದ. ತುಂಡುಗಳು ತೇಲಿದವು. ಜಾಹೀರಾತಿನ ಆಟವೇ ಸರಿ, ಆದರೆ ವಿಜ್ಞಾನ ಸುಳ್ಳಲ್ಲ. ಮೇಲಿನ ನಮ್ಮ ದೋಣಿಗೆ ಸುಮಾರು 150 ಲೀಟರ್ ಫೋಮ್ ಇದ್ದರೆ ಬರಿಯ ದೋಣಿ, ಎಂಜಿನ್ ಉಳಿಯುತ್ತವೆ. ನಾಲ್ಕು ಜನ ಅದಕ್ಕೆ ಆತುಕೊಳ್ಳಬೇಕಾದರೆ ಇನ್ನೂ ಹೆಚ್ಚು ಬೇಕು.

ಎಲ್ಲಿ ತುಂಬುತ್ತಾರೆ ಎಂಬುದೂ ಮುಖ್ಯ. ಫೋಮ್ ಎಲ್ಲ ತಳದಲ್ಲೇ ಇದ್ದರೆ ನೀರು ತುಂಬಿದ ದೋಣಿ ಮಗುಚಿಕೊಳ್ಳಲು ನೋಡುತ್ತದೆ. ಅಂಚಿನ ಹತ್ತಿರ, ಎರಡೂ ಬದಿಗೆ ಇದ್ದರೆ ನೆಟ್ಟಗೆ ನಿಲ್ಲುತ್ತದೆ. ಅಗ್ಗವೆಂದು ಥರ್ಮೊಕೋಲ್ ತುರುಕುವುದು ಒಳ್ಳೆಯ ಉಪಾಯವಲ್ಲ: ಪೆಟ್ರೋಲ್ ಸೋಕಿದರೂ, ಹಸಿ ಪಾಲಿಯೆಸ್ಟರ್ ರಾಳ ತಾಗಿದರೂ ಅದು ಕರಗಿಹೋಗುತ್ತದೆ.

ದೂರ ಪಯಣಕ್ಕೆ ಕಟ್ಟಿದ ಫೈಬರ್ ಹಾಯಿದೋಣಿಗಳ ದಾರಿ ಬೇರೆ. ಅವುಗಳ ತಳದಲ್ಲಿ ಸೀಸದ ಅಥವಾ ಕಬ್ಬಿಣದ ಭಾರ ಇರುತ್ತದೆ. ಗಾಳಿಗೆ ವಾಲಿದ ದೋಣಿಯನ್ನು ಅದು ಎತ್ತಿ ನಿಲ್ಲಿಸುತ್ತದೆ, ಆದರೆ ನೀರು ತುಂಬಿದರೆ ಅದೇ ಭಾರ ದೋಣಿಯನ್ನು ತಳಕ್ಕೆ ಒಯ್ಯುತ್ತದೆ. ಆದ್ದರಿಂದ ನೀರು ಒಳಗೆ ಬರದಂತೆ ತಡೆಯುವುದಕ್ಕೇ ಹೆಚ್ಚು ಗಮನ. ಚುಕ್ಕಾಣಿ ಹಿಡಿದವರು ಕೂರುವ ಕಾಕ್‌ಪಿಟ್‌ನ ನೆಲ ಹೊರಗಿನ ನೀರಿನ ಮಟ್ಟಕ್ಕಿಂತ ಮೇಲಿರುತ್ತದೆ. ಅಲೆ ನುಗ್ಗಿದರೆ ಕೊಳವೆಯಿಂದ ತಾನೇ ಬಸಿದುಹೋಗುತ್ತದೆ. ಒಂದು ಘನ ಮೀಟರ್ ಸಮುದ್ರದ ನೀರು ಒಂದು ಟನ್ನಿಗೂ ಹೆಚ್ಚು ತೂಗುತ್ತದೆ. ಅದು ಹಿಂಬದಿಯಲ್ಲಿ ನಿಂತರೆ ದೋಣಿಯ ಹಿಂಭಾಗ ಕುಸಿಯುತ್ತದೆ. ಕೆಲವು ವಿನ್ಯಾಸಗಳಲ್ಲಿ ಕಾಕ್‌ಪಿಟ್ ನಡುವೆ ಇರುವುದರ ಒಂದು ಲಾಭ ಇದೇ. ಹಿಂದೆ ಪ್ರತ್ಯೇಕ ಮಲಗುವ ಕೋಣೆಯೂ ಸಿಗುತ್ತದೆ. ಒಂಬತ್ತು ಹತ್ತು ಮೀಟರಿನ ಸಣ್ಣ ದೋಣಿಯಲ್ಲಿ ಮಾತ್ರ ಇದು ದುಬಾರಿ ಸುಖ: ಕಾಕ್‌ಪಿಟ್ ಅಟ್ಟದಂತೆ ಎತ್ತರಕ್ಕೇರುತ್ತದೆ, ಕೋಣೆಗಳು ಇಕ್ಕಟ್ಟಾಗುತ್ತವೆ.

ನಮ್ಮ ನಾಡದೋಣಿಗಳಿಗೆ ಈ ಮುಚ್ಚಿಗೆಯೂ ಇಲ್ಲ, ಬಸಿಯುವ ಕೊಳವೆಯೂ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಯಾಂತ್ರಿಕ ಬೋಟುಗಳು ದಡದಲ್ಲಿರುವಾಗ ಕಡಲಿಗಿಳಿಯುವುದು ಇವೇ. ಅಳಿವೆಬಾಗಿಲಿನಲ್ಲಿ ನದಿಯ ಸೆಳೆತಕ್ಕೆ ಎದುರಾಗಿ ಅಲೆ ಏಳುವ ಕಾಲವೂ ಅದೇ. ಮಗುಚಿದ ದೋಣಿ ಒಳಗೆ ಸಿಕ್ಕಿದ ಗಾಳಿಯಿಂದ ಸ್ವಲ್ಪ ಹೊತ್ತು ತೇಲಬಹುದು. ತೇಲುವಷ್ಟು ಹೊತ್ತು ಅದನ್ನು ಬಿಟ್ಟು ದಡಕ್ಕೆ ಈಜಲು ಹೊರಡದಿರುವುದೇ ಕ್ಷೇಮ: ಹುಡುಕುವವರಿಗೆ ತಲೆಗಿಂತ ದೋಣಿ ಬೇಗ ಕಾಣುತ್ತದೆ. ಲೈಫ್ ಜಾಕೆಟ್ ಮೊದಲೇ ಮೈಮೇಲಿರಬೇಕು. ಮಗುಚಿದ ಮೇಲೆ ಹುಡುಕಲು ಸಮಯವಿರುವುದಿಲ್ಲ.

ಹಳೆಯ ಫೈಬರ್ ದೋಣಿ ಕೊಳ್ಳುವವರು ಫೋಮ್ ಇದೆಯೇ ಎಂದಷ್ಟೇ ಕೇಳಿದರೆ ಸಾಲದು. ಬಿರುಕಿನಿಂದ ವರ್ಷಗಟ್ಟಲೆ ನೀರು ಹೀರಿದ ಫೋಮ್ ಆಸರೆ ಕೊಡುವ ಬದಲು ಹೊರೆಯಾಗುತ್ತದೆ. ದೋಣಿ ಮೊದಲಿಗಿಂತ ಆಳಕ್ಕೆ ಕೂರುತ್ತಿದ್ದರೆ, ಅಥವಾ ಎತ್ತಲು ಹೆಚ್ಚು ಜನ ಬೇಕಾಗುತ್ತಿದ್ದರೆ, ಒಳಪದರಕ್ಕೊಂದು ಸಣ್ಣ ತೂತು ಕೊರೆದು ಫೋಮ್ ಒಣಗಿದೆಯೇ ನೋಡಿ, ಮತ್ತೆ ರಾಳದಿಂದ ಮುಚ್ಚಿಸಬೇಕು.