ಎರೆಯದೆ ಹುಟ್ಟಿದವಳು

ಮುಂಬಯಿಯಲ್ಲಿ ಮೊದಲ ಮಳೆ ಬಿದ್ದು ಎರಡು ದಿನವಾದ ಮೇಲೆ ಬಾಲ್ಕನಿಯ ಕುಂಡಗಳ ಮಣ್ಣು ಬದಲಿಸುವುದು ನಮ್ಮ ಮನೆಯ ಪದ್ಧತಿ. ಮುಲುಂಡಿನ ಫ್ಲ್ಯಾಟಿನಲ್ಲಿ ಹೊಲ ಉತ್ತ ಸಮಾಧಾನ ಸಿಗುವುದು ಅಷ್ಟರಲ್ಲೇ. ಈ ಸಲ ತುಳಸಿ ಕುಂಡವನ್ನು ಹಳೇ ಪೇಪರಿನ ಮೇಲೆ ಮಗುಚಿದಾಗ ಬೇರಿನ ಮುದ್ದೆಯಿಂದ ಎರೆಹುಳದಂಥದ್ದೊಂದು ಜಾರಿ ಬಿತ್ತು. ಎರೆಹುಳವಾದರೆ ಹಿಗ್ಗುತ್ತ ಕುಗ್ಗುತ್ತ ಸಾಗಬೇಕು. ಇದು ಅತ್ತಿತ್ತ ಬಳುಕಿ, ಪೇಪರಿನ ಮಡಿಕೆ ಹುಡುಕಿಕೊಂಡು ಓಡತೊಡಗಿತು. ಉದ್ದ ಮೂರು ಬೆಂಕಿಕಡ್ಡಿಯಷ್ಟು, ಬಣ್ಣ ಕಾಫಿ ಡಿಕಾಕ್ಷನ್ನಿನದು, ಮೈಮೇಲೆ ಎಣ್ಣೆ ಹಚ್ಚಿದ ಹೊಳಪು. ಅಂಗೈಗೆ ತೆಗೆದುಕೊಂಡು ಕನ್ನಡಕ ಹಣೆಗೇರಿಸಿ ನೋಡಿದೆ. ತಲೆ ಯಾವುದು, ಬಾಲ ಯಾವುದು ಎಂದು ತಿಳಿಯಲು ಒಂದು ನಿಮಿಷ ಬೇಕಾಯಿತು. ಒಂದು ತುದಿಯಲ್ಲಿ, ಹುರುಪೆಯ ಕೆಳಗೆ, ಪೆನ್ಸಿಲ್ ಮೊನೆ ತಾಗಿಸಿದಂಥ ಎರಡು ಕಪ್ಪು ಚುಕ್ಕೆ: ಅವು ಕಣ್ಣು. ಇನ್ನೊಂದು ತುದಿಯಲ್ಲಿ ಒಂದು ಪುಟ್ಟ ಮುಳ್ಳು. ಅದನ್ನು ನನ್ನ ಹೆಬ್ಬೆರಳಿನ ಗೆರೆಗೆ ಊರಿ ಮುಂದಕ್ಕೆ ತಳ್ಳಿಕೊಂಡಿತು. ನೋಯಲಿಲ್ಲ, ಕಚಗುಳಿಯಾಯಿತು.

ಪಕ್ಕದ ಬಾಲ್ಕನಿಯಿಂದ ಮರಾಠಿ ಅಜ್ಜಿ ಇಣುಕಿದರು. "ಅಗೋಬಾಯಿ, ವಾಳಾ ಆಹೇ ತೋ! ಕಾಹೀ ಕರತ್ ನಾಹೀ." ಅವನು ವಾಳಾ, ಏನೂ ಮಾಡುವುದಿಲ್ಲ.

ವಾಳಾ ಎಂದರೆ ಮರಾಠಿಯಲ್ಲಿ ಲಾವಂಚ. ಬೇಸಿಗೆಯಲ್ಲಿ ಮಡಕೆಯ ನೀರಿಗೆ ಹಾಕುವ ಘಮಘಮ ಬೇರು. ಕೂಸಿನ ಕಾಲಿಗೆ ತೊಡಿಸುವ ಬೆಳ್ಳಿ ಬಳೆಯೂ ವಾಳಾ. ಮೂರನೆಯದು ಈ ಹಾವು. ಬೇರಿನ ಎಳೆಯಂತೆ ಇರುತ್ತದೆ, ಸುರುಳಿ ಸುತ್ತಿದರೆ ಕೂಸಿನ ಕಾಲ್ಬಳೆಯಂತೆ ಕಾಣುತ್ತದೆ. ಹೆಸರು ಯಾವುದರಿಂದ ಬಂದಿದ್ದರೂ ಒಪ್ಪುತ್ತದೆ. ನಮ್ಮ ಕುರುಡು ಹಾವು, ಹುಳುಹಾವು ಎಂಬ ಹೆಸರುಗಳಿಗೆ ಈ ಚೆಲುವಿಲ್ಲ ಎಂದು ಒಪ್ಪಿಕೊಳ್ಳಬೇಕು. ಮಳೆಗಾಲದಲ್ಲಿ ಇದು ಬಚ್ಚಲ ಮೋರಿಯಿಂದ ಮೇಲೆ ಬಂದರೆ ಸೊಸೈಟಿಯಲ್ಲಿ ಗದ್ದಲವೇಳುತ್ತದೆ. ನಾಗರಮರಿ ಎಂದುಕೊಂಡು ಸರ್ಪಮಿತ್ರರಿಗೆ ಫೋನ್ ಹೋಗುತ್ತದೆ. ಅವರು ಫೋಟೊ ಕಳಿಸಿ ಅನ್ನುತ್ತಾರೆ, ನೋಡಿ ನಗುತ್ತಾರೆ. ವಿಷವಿಲ್ಲ. ಇರುವೆ, ಗೆದ್ದಲುಗಳ ಮೊಟ್ಟೆ ಮರಿ ತಿಂದುಕೊಂಡು ಮಣ್ಣಲ್ಲಿ ಇದ್ದುಬಿಡುವ ಜೀವ.

ಆದರೆ ಅಜ್ಜಿ ಹೇಳಿದ ಆ "ತೋ", ಅಂದರೆ "ಅವನು" ಎಂಬ ಮಾತು ನನ್ನಲ್ಲೇ ಉಳಿಯಿತು. ಏಕೆಂದರೆ ಈ ಜಾತಿಯಲ್ಲಿ ಅವನು ಇಲ್ಲವೇ ಇಲ್ಲ.

ಬೇರೆ ಬೇರೆ ದೇಶಗಳಿಂದ ಹಿಡಿದು ತಂದು ಕೊಯ್ದು ನೋಡಿದವರಿಗೆ ಸಿಕ್ಕಿದ್ದೆಲ್ಲ ಒಂದಾದ ಮೇಲೊಂದು ಹೆಣ್ಣೇ. 1970ರ ದಶಕದಲ್ಲಿ ಅನುಮಾನ ಶುರುವಾಯಿತು. 1987ರಲ್ಲಿ ಅಮೆರಿಕದ ಮೂವರು ಸಂಶೋಧಕರು ಇದರ ವರ್ಣತಂತುಗಳನ್ನು ಎಣಿಸಿದರು. ಉಳಿದ ಹಾವುಗಳಲ್ಲಿ ತಾಯಿಯದೊಂದು ಕಂತೆ, ತಂದೆಯದೊಂದು ಕಂತೆ. ಇದರಲ್ಲಿ ಮೂರು ಕಂತೆ, ಒಟ್ಟು 42. ಹೀಗೆ ಕಂತೆಗಳು ಬೆಸಸಂಖ್ಯೆಯಲ್ಲಿ ಇದ್ದರೆ ಎರಡಾಗಿ ಹಂಚಿ ಮಾಮೂಲಿ ಸಂಸಾರ ಹೂಡುವುದು ಕಷ್ಟ. ಆದ್ದರಿಂದ ತಾಯಿ ಗಂಡಿನ ನೆರವಿಲ್ಲದೆ ನಾಲ್ಕಾರು ಮೊಟ್ಟೆ ಇಡುತ್ತಾಳೆ. ಒಡೆದು ಬರುವವರೆಲ್ಲ ಹೆಣ್ಣುಮಕ್ಕಳು, ತಾಯಿಯ ಪಡಿಯಚ್ಚುಗಳು. ಇಡೀ ಜಾತಿಯೇ ಹೀಗೆ ಬದುಕುವ ಹಾವು ಜಗತ್ತಿನಲ್ಲಿ ಸದ್ಯಕ್ಕೆ ಗೊತ್ತಿರುವುದು ಇದೊಂದೇ.

ಇದಕ್ಕೆ ಕನ್ನಡ ವಿಜ್ಞಾನ ಪುಸ್ತಕಗಳು ಇಟ್ಟ ಹೆಸರು ಅನಿಷೇಕಜನನ. ಇಂಗ್ಲಿಷಿನ ಪಾರ್ಥೆನೊಜೆನೆಸಿಸ್ ಗ್ರೀಕಿನಿಂದ ಬಂದದ್ದು. ಪಾರ್ಥೆನೋಸ್ ಎಂದರೆ ಕನ್ಯೆ. ಅಥೆನ್ಸಿನ ಪಾರ್ಥೆನಾನ್ ಗುಡಿಯ ಹೆಸರಿನಲ್ಲಿರುವವಳೂ ಅವಳೇ. 1849ರಲ್ಲಿ ಪ್ರಾಣಿಶಾಸ್ತ್ರಜ್ಞ ರಿಚರ್ಡ್ ಓವನ್ ಈ ಮಾತನ್ನು ತನ್ನ ಪುಸ್ತಕದ ಹೆಸರಾಗಿಸಿದ. ನಮ್ಮಲ್ಲೂ ಕೆಲವರು ಕನ್ಯಾಜನನ ಎಂದು ಬರೆಯುವುದುಂಟು. ನಾಲ್ಕಾರು ಸಲ ಮೊಟ್ಟೆಯಿಟ್ಟ ತಾಯಿಗೆ ಕನ್ಯೆ ಅನ್ನುವುದು ನನಗೆ ಒಗ್ಗುವುದಿಲ್ಲ, ಅದು ಹಾವಿನ ಮೇಲೆ ಹಾಕಿದ ಮನುಷ್ಯರ ಮಾನಮರ್ಯಾದೆ. ಅನಿಷೇಕ ಎಂದ ಪಂಡಿತರು ಕನ್ಯೆಯ ಗೊಡವೆಗೆ ಹೋಗಲಿಲ್ಲ. ಆದರೆ ಅವರು ತಂದ ಮಾತಿಗೂ ಒಂದು ಪೂರ್ವಾಶ್ರಮವಿತ್ತು.

ಧಾತು ಸಿಚ್, ಅಂದರೆ ಚಿಮುಕಿಸು, ಎರೆ. ಶ್ರಾವಣ ಸೋಮವಾರ ಬಾಬುಲನಾಥನ ಲಿಂಗದ ಮೇಲೆ ಆಗುವುದು ಅಭಿಷೇಕ. ಊಟಕ್ಕೆ ಮುಂಚೆ ಎಲೆಯ ಸುತ್ತ ಅಜ್ಜ ನೀರು ಬಿಡುತ್ತಿದ್ದದ್ದು ಪರಿಷೇಚನ. ಒಳಕ್ಕೆ ಎರೆದರೆ ನಿಷೇಕ. ಹದಿನಾರು ಸಂಸ್ಕಾರಗಳಲ್ಲಿ ಮೊದಲನೆಯದಾದ ಗರ್ಭಾಧಾನಕ್ಕೆ ಇನ್ನೊಂದು ಹೆಸರೇ ನಿಷೇಕ. ಹಳೇ ಪಂಚಾಂಗ ತೆರೆದರೆ ಅದಕ್ಕೆ ಬೇರೆಯೇ ಮುಹೂರ್ತ. ನಮ್ಮ ಕಡೆ ಪ್ರಸ್ಥ ಅನ್ನುತ್ತಿದ್ದರು. ಮಕ್ಕಳು ಕೇಳಿದರೆ "ಹಾಲು ಕುಡಿಯುವ ಶಾಸ್ತ್ರ" ಎಂದು ಸಾಗಹಾಕುತ್ತಿದ್ದರು. ಅದೇ ಮಾತು ಮುಂದೆ ಪಂಚೆ ಬಿಚ್ಚಿ ಪ್ಯಾಂಟು ತೊಟ್ಟು, ನಿಷೇಚನ ಎಂದು ಹತ್ತನೇ ಕ್ಲಾಸಿನ ಪಾಠಕ್ಕೆ ಬಂದು ಕೂತಿತು. ಒಂದು "ಅ" ಸೇರಿಸಿದರು, ಅನಿಷೇಕವಾಯಿತು.

ನನ್ನ ತಕರಾರು ಇರುವುದು ಆ "ಅ" ಮೇಲೆ. ನಿಷೇಕ ಎಂಬ ಮಾತಿನೊಳಗೆ ಒಬ್ಬ ಎರೆಯುವವನು, ಒಂದು ಎರೆಸಿಕೊಳ್ಳುವ ಹೊಲ ಆಗಲೇ ಕೂತಿದ್ದಾರೆ. ಅನಿಷೇಕ ಅಂದರೆ ಎರೆಯುವವನು ಬರಲಿಲ್ಲ, ರಜೆ ಹಾಕಿದ ಎಂದ ಹಾಗೆ. ಕುಂಡದ ಹಾವಿಗೆ ಯಾರೂ ರಜೆ ಹಾಕಿಲ್ಲ, ಹಾಜರಿ ಪುಸ್ತಕವೇ ಇಲ್ಲ.

ಕರಾವಳಿಯವರಿಗೆ ಇದರಲ್ಲಿ ಇನ್ನೂ ಒಂದು ಮೋಜು ಕಾಣಬೇಕು. ನಾಗರಪಂಚಮಿಗೆ ನಾಗನಿಗೆ ತನು ಎರೆಯುತ್ತೇವೆ. ಮಕ್ಕಳಾಗದವರು ಮುಂಬಯಿಯಿಂದ ರೈಲು ಹತ್ತಿ ಊರಿನ ನಾಗಬನಕ್ಕೆ, ಸುಬ್ರಹ್ಮಣ್ಯಕ್ಕೆ ಹೋಗಿ ಬರುತ್ತಾರೆ. ಸಂತಾನ ಕೊಡುವವನು ನಾಗ, ಅವನಿಗೆ ಹಾಲು ಎರೆಯಬೇಕು. ಅದೇ ವಂಶದ ಬಡ ನೆಂಟಳೊಬ್ಬಳು ಯಾರೂ ಏನೂ ಎರೆಯದೆ, ಎರೆಮಣ್ಣಿನಲ್ಲಿ, ಎರೆಹುಳವೆಂದು ಕರೆಸಿಕೊಂಡು ಮಕ್ಕಳ ಮೇಲೆ ಮಕ್ಕಳು ಹೆರುತ್ತಿದ್ದಾಳೆ. ಈ ಮೂರು "ಎರೆ"ಗಳ ಮೂಲ ಒಂದೇ ಎಂದು ನಾನು ಹೇಳುತ್ತಿಲ್ಲ. ಒಂದೇ ಕುಂಡದಲ್ಲಿ ಸಿಕ್ಕವು ಅಷ್ಟೆ.

ಈ ಹಾವಿನ ವೈಜ್ಞಾನಿಕ ಹೆಸರಿನಲ್ಲಿ ಗಂಡಸು ಹೇಗೆ ಸೇರಿಕೊಂಡ ಎಂಬುದೂ ಕತೆಯೇ. ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯ 1796ರಲ್ಲಿ ಪ್ರಕಟಿಸಿದ ಭಾರತದ ಹಾವುಗಳ ಪುಸ್ತಕದಲ್ಲಿ ಇದರ ಚಿತ್ರವಿದೆ. ವಿಶಾಖಪಟ್ಟಣದ ಕಡೆಯದು, ತೆಲುಗರು ಹೇಳಿದ ರೆಂಡು ತಲಲ ಪಾಮು, ಎರಡು ತಲೆಯ ಹಾವು, ಅವನ ಸ್ಪೆಲಿಂಗಿನಲ್ಲಿ "ರೊಂಡೂ ತಲೂಲೂ ಪಾಮ್" ಆಯಿತು. 1803ರಲ್ಲಿ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ದೋದ್ಯಾ ಆ ಚಿತ್ರ ನೋಡಿ ಬ್ರಾಮಿನಸ್ ಎಂದು ಹೆಸರಿಟ್ಟ. ಬ್ರಾಹ್ಮಣ, ಅದೂ ಲ್ಯಾಟಿನ್ನಿನ ಪುಲ್ಲಿಂಗ ಪ್ರತ್ಯಯದೊಂದಿಗೆ! ಕುಲಹೆಸರು ಆಮೇಲೆ ಹಲವು ಸಲ ಬದಲಾಯಿತು. ಈಚೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಡಿಎನ್ಎ ಪರೀಕ್ಷಿಸಿ, ಇದು ತನ್ನ ಕುಲದವರೆಂದು ತಿಳಿದವರ ಜೊತೆ ಸೇರುವುದಿಲ್ಲ ಎಂದು ಕಂಡು ಹೊಸ ಕುಲವನ್ನೇ ಕಟ್ಟಿದರು: ವರ್ಗೊಟಿಫ್ಲಾಪ್ಸ್. ವರ್ಗೊ ಎಂದರೆ ಲ್ಯಾಟಿನ್ನಿನ ಕನ್ಯೆ, ಟಿಫ್ಲಾಪ್ಸ್‌ನಲ್ಲಿ ಗ್ರೀಕಿನ ಕುರುಡು. ಕನ್ಯೆ ಮತ್ತೆ ಬಂದಳು, ಮುಂದೆ ನಿಂತಳು; ಬಾಲದಲ್ಲಿ ಬ್ರಾಮಿನಸ್ ಹಾಗೆಯೇ ಇದ್ದಾನೆ.

ಇಂಗ್ಲಿಷಿನಲ್ಲಿ ಇದನ್ನು ಹೂಕುಂಡದ ಹಾವು ಎಂದೂ ಕರೆಯುತ್ತಾರೆ. ಗಿಡದ ಮಣ್ಣಿನಲ್ಲಿ ಅಡಗಿ ಹಡಗು ಹತ್ತಿ ಹವಾಯಿ, ಫ್ಲಾರಿಡಾ, ಮೆಕ್ಸಿಕೊ ಮುಟ್ಟಿದೆ. ಅಂಟಾರ್ಕ್ಟಿಕಾ ಬಿಟ್ಟರೆ ಎಲ್ಲ ಖಂಡಗಳಲ್ಲೂ ಇದೆ. ಉಡುಪಿ ಕುಂದಾಪುರದಿಂದ ಒಬ್ಬಂಟಿಯಾಗಿ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ಗ್ಲಾಸು ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಗೆ ಹೋದವರ ಊರು ಇದು. ಅವರೂ ಸಂಸಾರ ಹೂಡಬೇಕೆಂದರೆ ರಜೆ ಕೇಳಿ ಊರಿಗೆ ಹೋಗಿ ಮದುವೆಯಾಗಿ ಬರಬೇಕಿತ್ತು. ಇವಳಿಗೆ ಆ ಖರ್ಚಿಲ್ಲ. ಒಬ್ಬಳು ದಡ ಸೇರಿದರೆ ಒಂದು ಊರು ಸೇರಿದ ಹಾಗೆ.

ಬೇರೆ ಸರೀಸೃಪಗಳಲ್ಲೂ ಗಂಡಿಲ್ಲದೆ ಮರಿಯಾಗುವುದುಂಟು, ಆದರೆ ಹೆಚ್ಚಿನವು ಗತಿಯಿಲ್ಲದಾಗ ಮಾಡಿಕೊಂಡ ಏರ್ಪಾಟು. 2006ರಲ್ಲಿ ಇಂಗ್ಲೆಂಡಿನ ಚೆಸ್ಟರ್ ಮೃಗಾಲಯದಲ್ಲಿ ಫ್ಲೋರಾ ಎಂಬ ಕೊಮೊಡೊ ಉಡ ಗಂಡಿನ ಮುಖ ನೋಡದೆ ಮೊಟ್ಟೆಯಿಟ್ಟಿತು; ಮರಿಗಳು ಬಂದವು, ಎಲ್ಲ ಗಂಡು. 2024ರಲ್ಲಿ ಪೋರ್ಟ್ಸ್‌ಮತ್‌ನ ಕಾಲೇಜೊಂದರಲ್ಲಿ ಹದಿಮೂರು ವರ್ಷದ ಬೋವಾ ಹಾವು 14 ಮರಿ ಹಾಕಿತು. ಅದನ್ನು ಅಲ್ಲಿಯವರೆಗೆ ಗಂಡೆಂದು ನಂಬಿ ಇಟ್ಟಿದ್ದ ಹೆಸರು ರೊನಾಲ್ಡೊ.

ಉಡದಂಥವುಗಳಲ್ಲಿ ಒಳಗೆ ನಡೆಯುವುದೇ ಬೇರೆ. ಅಂಡ ತಯಾರಾಗುವಾಗ ತಾಯಿಯ ವರ್ಣತಂತುಗಳು ಪಾಲಾಗುತ್ತವೆ. ದೊಡ್ಡ ಪಾಲು ಅಂಡ, ಉಳಿದವು ಧ್ರುವಕಾಯಗಳೆಂಬ ಚಿಲ್ಲರೆ ಪೊಟ್ಟಣಗಳು. ಸಾಮಾನ್ಯವಾಗಿ ಅವು ಕರಗಿಹೋಗುತ್ತವೆ. ಒಮ್ಮೊಮ್ಮೆ ಅಂಥದ್ದೊಂದು ತಿರುಗಿ ಬಂದು ಅಂಡದೊಳಗೆ ಸೇರಿ, ವೀರ್ಯ ಮಾಡಬೇಕಾದ ಕೆಲಸವನ್ನು ತಾನೇ ಮಾಡುತ್ತದೆ. ಕೊಮೊಡೊ ಹೆಣ್ಣಿನಲ್ಲಿ ಲಿಂಗದ ತಂತುಗಳು ಜ಼ೆಡ್ ಮತ್ತು ಡಬ್ಲ್ಯೂ. ಡಬ್ಲ್ಯೂ ಎರಡಾದದ್ದು ಬದುಕುವುದಿಲ್ಲ, ಜ಼ೆಡ್ ಎರಡಾದದ್ದು ಗಂಡು. ಫ್ಲೋರಾಳ ಮಕ್ಕಳು ಗಂಡಾದದ್ದು ಹೀಗೆ. ಅಂದ ಮೇಲೆ ಇದು ಅನಿಷೇಕ ಹೇಗಾಯಿತು? ಎರೆದದ್ದು ಆಯಿತು, ಎರೆದವಳು ತಾಯಿಯೇ. ಪಂಡಿತರ ಮಾತು ಉಡಕ್ಕೆ ಅರ್ಧ ಸಲ್ಲುತ್ತದೆ, ನನ್ನ ಕುಂಡದ ಹಾವಿಗೆ ಪೂರ್ತಿ ಸಲ್ಲುತ್ತದೆ. ಮೂರೂ ಕಂತೆಗಳನ್ನು ಕೂಡಿಸದೆ ಕಳೆಯದೆ ಮಗಳಿಗೆ ದಾಟಿಸುವವಳು ಅವಳು.

ಕನ್ನಡದಲ್ಲಿ ಹಾವು "ಅದು". ಹೆಣ್ಣೋ ಗಂಡೋ ಕೇಳದೆ ನಪುಂಸಕದಲ್ಲಿ ಕೂರಿಸಿ ನಾವು ಪಾರಾಗಿದ್ದೇವೆ. ಅದರ ದಂಡವನ್ನು ಮುಂಬಯಿಯಲ್ಲಿ ಕಟ್ಟುತ್ತೇವೆ. ಮರಾಠಿಯಲ್ಲಿ ಪಂಖಾ ಗಂಡು, ಖುರ್ಚಿ ಹೆಣ್ಣು, ಟೇಬಲ್ಲು ಎರಡೂ ಅಲ್ಲ. ಮೂವತ್ತು ವರ್ಷ ಲೋಕಲಿನಲ್ಲಿ ಓಡಾಡಿದರೂ ನನ್ನ ಬಾಯಲ್ಲಿ ಅವು ಅದಲುಬದಲಾಗುತ್ತವೆ. ಅಜ್ಜಿ ತಿದ್ದುವುದನ್ನು ಬಿಟ್ಟಿಲ್ಲ.

ಹೊಸ ಮಣ್ಣು ತುಂಬಿ, ತುಳಸಿ ನೆಟ್ಟು, ಅಂಗೈಯನ್ನು ಕುಂಡದ ಅಂಚಿಗೆ ಹಿಡಿದೆ. ಮೂಗು ಮಣ್ಣಿಗೆ ತಾಗಿದ್ದೇ ತಡ, ಬಾಲದ ಮುಳ್ಳನ್ನು ಒಮ್ಮೆ ಊರಿ ಒಳಗೆ ಹೋಯಿತು. ದಾರ ಸೂಜಿಯ ಕಣ್ಣಿಗೆ ಇಳಿದ ಹಾಗೆ.

"ಗೇಲಾ ಕಾ ತೋ?" ಹೋದನಾ ಎಂದು ಅಜ್ಜಿ ಕೇಳಿದರು.

"ಗೇಲೀ," ಅಂದೆ. ಹೋದಳು.

"ಗೇಲೀ ನಾಹೀ ಹೋ, ಗೇಲಾ! ತೋ ವಾಳಾ." ಈ ಕಾನಡಿಗಳಿಗೆ ಮರಾಠಿ ಯಾವಾಗ ಬಂದೀತೋ ಎಂಬಂತೆ ತಲೆಯಾಡಿಸಿ ಅಜ್ಜಿ ಒಳಗೆ ಹೋದರು.