ಸುಸ್ಥಿರತೆ: ಪದದ ಚರಿತ್ರೆ, ಪತ್ರಕರ್ತರ ಅರಿವು

‘ಸುಸ್ಥಿರ’ ಎಂಬ ವಿಶೇಷಣ ಇಂದು ಕೃಷಿ, ನಗರ, ಪ್ರವಾಸೋದ್ಯಮ ಎಲ್ಲಕ್ಕೂ ಅಂಟಿಕೊಂಡಿದೆ. ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಅದು ಪಠ್ಯಪುಸ್ತಕಕ್ಕಿಂತ ಮೊದಲು ಪತ್ರಿಕೆಯ ಮೂಲಕ ತಲುಪುತ್ತದೆ. ಆದ್ದರಿಂದ ಸುದ್ದಿ ಬರೆಯುವವರಿಗೆ ಈ ಪರಿಕಲ್ಪನೆ ಎಷ್ಟರ ಮಟ್ಟಿಗೆ ಅರ್ಥವಾಗಿದೆ ಎಂಬ ಪ್ರಶ್ನೆ ಶಿಕ್ಷಕರಿಗೂ ಮುಖ್ಯವಾದದ್ದು. ಅರಿವನ್ನು ಅಳೆಯುವ ಮೊದಲು ಅಳೆಯಬೇಕಾದದ್ದು ಏನೆಂದು ತಿಳಿದಿರಬೇಕು. ಅದಕ್ಕೆ ಪದದ ಚರಿತ್ರೆಯನ್ನು ನೋಡೋಣ.

ಗಣಿಗಳ ನಾಡಿನ ಲೆಕ್ಕ

ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದಲ್ಲಿ ಬೆಳ್ಳಿಯ ಅದಿರನ್ನು ಕರಗಿಸಲು ಅಪಾರ ಸೌದೆ, ಇದ್ದಿಲು ಬೇಕಾಗುತ್ತಿದ್ದವು. ಸುತ್ತಲಿನ ಕಾಡು ಬರಿದಾಗತೊಡಗಿತು. ಅಲ್ಲಿನ ಗಣಿ ಆಡಳಿತಗಾರ ಹಾನ್ಸ್ ಕಾರ್ಲ್ ಫಾನ್ ಕಾರ್ಲೊವಿಟ್ಸ್ 1713ರಲ್ಲಿ ಪ್ರಕಟಿಸಿದ ಅರಣ್ಯ ಕೃಷಿಯ ಗ್ರಂಥದಲ್ಲಿ, ಮರದ ಬಳಕೆ ನಿರಂತರವಾಗಿ ನಡೆಯುವಂತಿರಬೇಕು ಎಂಬ ಅರ್ಥದಲ್ಲಿ ಈ ಕಲ್ಪನೆಯನ್ನು ಮಂಡಿಸಿದ. ಕಡಿಯುವ ಪ್ರಮಾಣ ಬೆಳೆಯುವ ಪ್ರಮಾಣವನ್ನು ಮೀರಬಾರದು ಎಂಬುದೇ ಅದರ ತಿರುಳು. 1864ರಲ್ಲಿ ಭಾರತದ ಅರಣ್ಯಗಳ ಮೊದಲ ಇನ್‌ಸ್ಪೆಕ್ಟರ್ ಜನರಲ್ ಆದ ಡೀಟ್ರಿಚ್ ಬ್ರಾಂಡಿಸ್ ಜರ್ಮನ್ ಮೂಲದವರು. ಅವರ ಮೂಲಕ ಈ ಲೆಕ್ಕಾಚಾರ ನಮ್ಮ ಅರಣ್ಯ ಇಲಾಖೆಗೂ ಬಂತು.

ಒಂದು ಸರಳ ಉದಾಹರಣೆ. ಒಂದು ಕಾಡಿನಲ್ಲಿ 1000 ಟನ್ ಮರವಿದೆ, ಅದು ವರ್ಷಕ್ಕೆ ಶೇ. 3ರಂತೆ ಬೆಳೆಯುತ್ತದೆ ಎನ್ನೋಣ. ವರ್ಷಕ್ಕೆ 30 ಟನ್ ಕಡಿದರೆ ದಾಸ್ತಾನು ಹಾಗೆಯೇ ಉಳಿಯುತ್ತದೆ. 60 ಟನ್ ಕಡಿದರೆ? ಮೊದಲ ವರ್ಷ 970 ಟನ್ ಉಳಿಯುತ್ತದೆ. ನಷ್ಟ ಕಣ್ಣಿಗೇ ಕಾಣದು. ಹತ್ತು ವರ್ಷಗಳ ಬಳಿಕ ಸುಮಾರು 656 ಟನ್. 24ನೆಯ ವರ್ಷ ಕಾಡೇ ಇಲ್ಲ. ಮೊದಲ ವರ್ಷದ ಸುದ್ದಿ ಮಾತ್ರ ‘ಉತ್ಪಾದನೆ ಇಮ್ಮಡಿ’ ಎಂದಿರುತ್ತದೆ, ಅದರಲ್ಲಿ ಸುಳ್ಳೇನೂ ಇರುವುದಿಲ್ಲ!

ದಾಸ್ತಾನು, ದರ, ಕಾಲ - ಈ ಮೂರೂ ಸೇರಿದರೆ ಮಾತ್ರ ಸುಸ್ಥಿರತೆ.

ಲೆಕ್ಕದಿಂದ ದೂರ ಸರಿದ ಪದ

1980ರ ವಿಶ್ವ ಸಂರಕ್ಷಣಾ ಕಾರ್ಯತಂತ್ರದಲ್ಲಿ ‘ಸುಸ್ಥಿರ ಅಭಿವೃದ್ಧಿ’ ಎಂಬ ಪ್ರಯೋಗ ಮುನ್ನೆಲೆಗೆ ಬಂತು. 1987ರಲ್ಲಿ ಗ್ರೊ ಹಾರ್ಲೆಮ್ ಬ್ರುಂಟ್‌ಲಾಂಡ್ ಅವರ ಅಧ್ಯಕ್ಷತೆಯ ವಿಶ್ವಸಂಸ್ಥೆಯ ಆಯೋಗ, ಮುಂದಿನ ಪೀಳಿಗೆಗಳ ಅಗತ್ಯಕ್ಕೆ ಧಕ್ಕೆಯಾಗದಂತೆ ಇಂದಿನವರ ಅಗತ್ಯಗಳನ್ನು ಪೂರೈಸುವುದೇ ಸುಸ್ಥಿರ ಅಭಿವೃದ್ಧಿ ಎಂದು ನಿರೂಪಿಸಿತು. 1992ರ ರಿಯೊ ಶೃಂಗಸಭೆಯ ನಂತರ ಪದ ಮನೆಮಾತಾಯಿತು. ಅರ್ಥಕ್ಕೆ ನೈತಿಕ ವಿಸ್ತಾರ ದೊರೆಯಿತು, ಬಡವರ ಅಗತ್ಯಗಳೂ ಒಳಗೆ ಬಂದವು. ಇದು ಲಾಭ. ಆದರೆ ಜನಬಳಕೆಯಲ್ಲಿ ಅಂಕಿಗಳು ಹಿಂದೆ ಸರಿದು, ‘ಒಳ್ಳೆಯದು’ ಎಂಬುದಕ್ಕೆ ಅದು ಇನ್ನೊಂದು ಹೆಸರಾಯಿತು.

ಪತ್ರಕರ್ತರನ್ನು ಪ್ರಶ್ನಿಸಿದಾಗ

ಇದಕ್ಕೆ ತೀರ ಹತ್ತಿರದ ವಿಷಯವಾದ ಭೂತಾಪದ ಬಗ್ಗೆ ಅಮೆರಿಕದಲ್ಲಿ ಸಮೀಕ್ಷೆ ನಡೆದಿದೆ. ಅಲ್ಲಿನ ಪರಿಸರ ವರದಿಗಾರರ ತಿಳಿವಳಿಕೆಯನ್ನು ಪರೀಕ್ಷಿಸಿದ ಕ್ರಿಸ್ ವಿಲ್ಸನ್ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಮೂಲಭೂತ ಸಂಗತಿಗಳಲ್ಲೇ ಗೊಂದಲವಿತ್ತು, ವಿಜ್ಞಾನಿಗಳ ನಡುವಿನ ಭಿನ್ನಾಭಿಪ್ರಾಯವನ್ನು ವರದಿಗಾರರು ಇದ್ದುದಕ್ಕಿಂತ ಹೆಚ್ಚೆಂದು ಭಾವಿಸಿದ್ದರು. ಮುಖ್ಯವಾಗಿ ವಿಜ್ಞಾನಿಗಳಿಂದಲೇ ಮಾಹಿತಿ ಪಡೆಯುವವರ ಮತ್ತು ಪೂರ್ಣಾವಧಿ ಪರಿಸರ ವರದಿಗಾರರ ಅರಿವು ಹೆಚ್ಚು ನಿಖರವಾಗಿತ್ತು. 2004ರಲ್ಲಿ ಬಾಯ್ಕಾಫ್ ಸಹೋದರರು, ಅಮೆರಿಕದ ನಾಲ್ಕು ಪ್ರಮುಖ ದಿನಪತ್ರಿಕೆಗಳಲ್ಲಿ 1988ರಿಂದ 2002ರವರೆಗೆ ಬಂದ 636 ಬರಹಗಳನ್ನು ವಿಶ್ಲೇಷಿಸಿದರು. ಸುಮಾರು ಶೇ. 53ರಷ್ಟು ಬರಹಗಳು ಮಾನವ ಕಾರಣವನ್ನೂ ಪ್ರಾಕೃತಿಕ ಏರಿಳಿತವನ್ನೂ ಸರಿಸಮವಾಗಿ ಇರಿಸಿದ್ದವು. ಎರಡೂ ಕಡೆಯವರ ಮಾತು ಹಾಕುವುದು ಪತ್ರಿಕಾಧರ್ಮವೇ ಸರಿ. ಆದರೆ ಪುರಾವೆಗಳ ತೂಕ ಸಮನಾಗಿಲ್ಲದಾಗ ಅದು ಓದುಗರನ್ನು ದಾರಿ ತಪ್ಪಿಸುತ್ತದೆ.

ಲೆಕ್ಕ ಕೇಳಿದ ಪತ್ರಕರ್ತ

ಇದಕ್ಕೆ ವ್ಯತಿರಿಕ್ತವಾದ ನಿದರ್ಶನ ನಮ್ಮಲ್ಲೇ ಇದೆ. ಐಐಟಿಯಲ್ಲಿ ಎಂಜಿನಿಯರಿಂಗ್ ಓದಿ ವಿಜ್ಞಾನ ವರದಿಗಾರರಾದ ಅನಿಲ್ ಅಗರ್‌ವಾಲ್ 1980ರಲ್ಲಿ ದೆಹಲಿಯಲ್ಲಿ ವಿಜ್ಞಾನ ಮತ್ತು ಪರಿಸರ ಕೇಂದ್ರ ಸ್ಥಾಪಿಸಿದರು. ಆ ಕೇಂದ್ರ ಹೊರತಂದ ಭಾರತದ ಪರಿಸರ ಸ್ಥಿತಿಯ ನಾಗರಿಕ ವರದಿಯನ್ನು ಶಿವರಾಮ ಕಾರಂತರು ಕನ್ನಡಕ್ಕೆ ತಂದರು. 1990ರಲ್ಲಿ ಅಮೆರಿಕದ ಸಂಸ್ಥೆಯೊಂದರ ವರದಿ, ಹಸಿರುಮನೆ ಅನಿಲಗಳನ್ನು ಹೆಚ್ಚಾಗಿ ಸೂಸುವ ಮೊದಲ ಐದು ದೇಶಗಳ ಸಾಲಿನಲ್ಲಿ ಭಾರತವನ್ನೂ ಸೇರಿಸಿತ್ತು. 1991ರಲ್ಲಿ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ ಆ ಲೆಕ್ಕದ ಒಳಹೊಕ್ಕು ನೋಡಿದರು. ಸಾಗರ, ಅರಣ್ಯ ಮೊದಲಾದವು ಅನಿಲಗಳನ್ನು ಹೀರಿಕೊಳ್ಳುವ ಸಾಮರ್ಥ್ಯವನ್ನು ಜನಸಂಖ್ಯೆಗೆ ಅನುಗುಣವಾಗಿ ಹಂಚಿದರೆ ಚಿತ್ರವೇ ಬೇರೆಯಾಗುತ್ತದೆ ಎಂದು ತೋರಿಸಿದರು. ಭತ್ತದ ಗದ್ದೆಯ ಮೀಥೇನನ್ನೂ ಕಾರಿನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೇ ಎಂಬ ಅವರ ಪ್ರಶ್ನೆ ಮುಂದಿನ ಚರ್ಚೆಗಳಲ್ಲಿ ಉಳಿದುಕೊಂಡಿತು.

ಆದ್ದರಿಂದ ಅರಿವಿನ ಸಮೀಕ್ಷೆ ವ್ಯಾಖ್ಯೆಯನ್ನು ಕೇಳಿ ಮುಗಿಯಬಾರದು. ಸುದ್ದಿಯಲ್ಲಿ ದಾಸ್ತಾನು ಎಷ್ಟೆಂದು ಹೇಳಿದೆಯೇ? ಬಳಕೆಯ ದರವನ್ನು ಮರುಪೂರಣದ ದರದೊಡನೆ ಹೋಲಿಸಿದೆಯೇ? ಎಷ್ಟು ವರ್ಷಗಳ ಮಾತು, ಯಾರ ಪಾಲು ಎಷ್ಟು? ಅಂತರ್ಜಲ, ಮೀನುಗಾರಿಕೆ, ಮರಳು ಗಣಿಗಾರಿಕೆಯ ಒಂದೊಂದು ಸುದ್ದಿಯನ್ನು ತರಗತಿಗೆ ತಂದು ವಿದ್ಯಾರ್ಥಿಗಳಿಂದ ಈ ಪ್ರಶ್ನೆಗಳನ್ನು ಕೇಳಿಸಬಹುದು. ನಾಳಿನ ವರದಿಗಾರರು ಇಂದು ಅದೇ ಬೆಂಚುಗಳಲ್ಲಿ ಕುಳಿತಿದ್ದಾರೆ.