ಮುಷ್ಟಿಯುದ್ಧದಲ್ಲಿ ಹಿಂದಿನವರೂ ಇಂದಿನವರೂ: ಒಂದು ಐತಿಹಾಸಿಕ ವಿವೇಚನೆ

ಹಿಂದಿನ ಕಾಲದ ಬಾಕ್ಸಿಂಗ್ ವೀರರು ಇಂದಿನವರೊಡನೆ ಸೆಣಸಿದ್ದರೆ ಗೆಲುವು ಯಾರದಾಗುತ್ತಿತ್ತು ಎಂಬ ಪ್ರಶ್ನೆ ಕ್ರೀಡಾಪ್ರಿಯರಲ್ಲಿ ಬಹುಕಾಲದಿಂದ ಚರ್ಚೆಗೆ ಒಳಗಾಗಿದೆ. ಮೇಲುನೋಟಕ್ಕೆ ಇದು ಹರಟೆಯ ವಿಷಯವೆಂದು ತೋರಬಹುದು. ಆದರೆ ಬೇರೆ ಬೇರೆ ಕಾಲಗಳ ಸಾಧನೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಹುದೇ, ತೂಗುವುದಾದರೆ ಬಟ್ಟು ಯಾವುದು ಎಂಬ ಸಮಸ್ಯೆ ಇತಿಹಾಸದ ವಿದ್ಯಾರ್ಥಿಗೆ ಹೊಸದಲ್ಲ. ಆ ದೃಷ್ಟಿಯಿಂದಲೇ ಇಲ್ಲಿ ಈ ಪ್ರಶ್ನೆಯನ್ನು ಪರಿಶೀಲಿಸಲಾಗಿದೆ.

ಓಟದಲ್ಲಿ ಇಂಥ ತುಲನೆ ಸುಲಭ. ೧೯೩೬ರಲ್ಲಿ ಜೆಸ್ಸಿ ಓವನ್ಸ್ ನೂರು ಮೀಟರ್ ದೂರವನ್ನು ೧೦.೨ ಸೆಕೆಂಡುಗಳಲ್ಲಿ ಓಡಿದನು. ೨೦೦೯ರಲ್ಲಿ ಉಸೇನ್ ಬೋಲ್ಟ್ ೯.೫೮ ಸೆಕೆಂಡುಗಳಲ್ಲಿ ಓಡಿದನು. ಓಟದ ನೆಲ ಬೇರೆ, ಪಾದರಕ್ಷೆ ಬೇರೆ ಎಂಬ ಆಕ್ಷೇಪಣೆಗೆ ಎಡೆಯುಂಟಾದರೂ ಗಡಿಯಾರವೆಂಬ ನಿಷ್ಪಕ್ಷಪಾತಿಯಾದ ಸಾಕ್ಷಿಯೊಂದು ಅಲ್ಲಿದೆ. ಮುಷ್ಟಿಯುದ್ಧದಲ್ಲಿ ಅಂಥ ಸಾಕ್ಷಿಯಿಲ್ಲ. ಅಲ್ಲಿ ಒಬ್ಬನ ಶಕ್ತಿ ವ್ಯಕ್ತವಾಗುವುದು ಎದುರಾಳಿಯ ಶಕ್ತಿಯೊಡನೆ ಸೇರಿದಾಗಲೇ ಹೊರತು ಪ್ರತ್ಯೇಕವಾಗಿ ಅಲ್ಲ.

ಈ ಕೊರತೆಯನ್ನು ಯಂತ್ರದಿಂದ ತುಂಬುವ ಪ್ರಯತ್ನವೊಂದು ಅಮೆರಿಕದಲ್ಲಿ ನಡೆಯಿತು. ಮರ್ರಿ ವೊರೊನರ್ ಎಂಬ ನಿರ್ಮಾಪಕನು ತಜ್ಞರ ಅಭಿಪ್ರಾಯಗಳನ್ನು ಅಂಕಿಗಳಾಗಿ ಪರಿವರ್ತಿಸಿ ಗಣಕಯಂತ್ರಕ್ಕೆ ಒದಗಿಸಿ, ಸರ್ವಕಾಲದ ಹೆವಿವೆಯ್ಟ್ ವೀರರ ನಡುವೆ ಕಾಲ್ಪನಿಕ ಪಂದ್ಯಗಳನ್ನು ಏರ್ಪಡಿಸಿ ರೇಡಿಯೋದಲ್ಲಿ ಪ್ರಸಾರ ಮಾಡಿದನು. ಅದರಲ್ಲಿ ರಾಕಿ ಮಾರ್ಸಿಯಾನೊ ಅಂತಿಮ ವಿಜಯಿಯಾದನು. ಮಹಮ್ಮದ್ ಅಲಿ ಹಳೆಯ ಕಾಲದ ಜೇಮ್ಸ್ ಜೆಫ್ರೀಸನಿಗೆ ಸೋತನೆಂದು ಯಂತ್ರ ನುಡಿಯಿತು. ಇದರಿಂದ ತನಗೆ ಮಾನಹಾನಿಯಾಯಿತೆಂದು ಅಲಿ ಹತ್ತು ಲಕ್ಷ ಡಾಲರುಗಳಿಗೆ ದಾವೆ ಹೂಡಿದನು. ಕೊನೆಗೆ ೧೯೬೯ರಲ್ಲಿ ಅವನೂ, ನಿವೃತ್ತನಾಗಿದ್ದ ಮಾರ್ಸಿಯಾನೊನೂ ಕ್ಯಾಮೆರಾದ ಮುಂದೆ ಹಲವಾರು ಕಿರುಸುತ್ತುಗಳನ್ನು ಅಭಿನಯಿಸಿದರು. ೧೯೭೦ರ ಜನವರಿ ೨೦ರಂದು ತೋರಿಸಲಾದ ಆ ಚಿತ್ರದಲ್ಲಿ ಮಾರ್ಸಿಯಾನೊ ೧೩ನೆಯ ಸುತ್ತಿನಲ್ಲಿ ಅಲಿಯನ್ನು ಉರುಳಿಸಿದನು. ಆದರೆ ಮಾರ್ಸಿಯಾನೊ ೧೯೬೯ರ ಆಗಸ್ಟ್ ೩೧ರಂದೇ ವಿಮಾನ ಅಪಘಾತದಲ್ಲಿ ಮಡಿದಿದ್ದನು.

ಈ ತೀರ್ಪಿನ ಬೆಲೆಯೇನು? ಯಂತ್ರಕ್ಕೆ ಕೊಟ್ಟದ್ದು ಅಭಿಪ್ರಾಯ. ಅದು ಮರಳಿ ಕೊಟ್ಟದ್ದೂ ಅಭಿಪ್ರಾಯವೇ. ಸೈನ್ಯಕ್ಕೆ ಸೇರಲು ನಿರಾಕರಿಸಿದ ಅಲಿ ೧೯೬೭ರಲ್ಲಿ ಪದವಿಯನ್ನೂ ಪರವಾನಗಿಯನ್ನೂ ಕಳೆದುಕೊಂಡು ಕಣದಿಂದ ಹೊರಗಿದ್ದ ದಿನಗಳವು. ಅವನ ದೇಶದಲ್ಲಿ ಅನೇಕರಿಗೆ ಅವನ ಸೋಲು ಅಪ್ರಿಯವಾಗಿರಲಿಲ್ಲ. ಗತಕಾಲದ ವೀರನೇ ಮೇಲೆಂಬ ಮಾತಿನ ಹಿಂದೆ ಕೆಲವೊಮ್ಮೆ ವರ್ತಮಾನದ ಮೇಲಿನ ಅಸಮಾಧಾನವೂ ಇರುತ್ತದೆಂಬುದನ್ನು ಈ ಪ್ರಸಂಗ ಸೂಚಿಸುತ್ತದೆ.

ಆದ್ದರಿಂದ ಅಭಿಪ್ರಾಯವನ್ನು ಬದಿಗಿಟ್ಟು, ಪರಿಶೀಲನೆಗೆ ಒಳಪಡುವ ಸಂಗತಿಗಳನ್ನು ನೋಡುವುದು ಲೇಸು. ಅವುಗಳಲ್ಲಿ ಮೊದಲನೆಯದು ದೇಹಪ್ರಮಾಣ. ೪೯ ಪಂದ್ಯಗಳನ್ನಾಡಿ ಒಂದರಲ್ಲಿಯೂ ಸೋಲದೆ ೧೯೫೬ರಲ್ಲಿ ನಿವೃತ್ತನಾದ ಮಾರ್ಸಿಯಾನೊನ ತೂಕ ೧೯೦ ಪೌಂಡಿಗೂ ಕಡಿಮೆ. ಇಂದಿನ ಲೆಕ್ಕದಲ್ಲಿ ಅವನು ೨೦೦ ಪೌಂಡಿನ ಮಿತಿಯುಳ್ಳ ಕ್ರೂಸರ್‌ವೆಯ್ಟ್ ವರ್ಗಕ್ಕೆ ಸೇರುತ್ತಾನೆ. ಇಂದಿನ ಹೆವಿವೆಯ್ಟ್ ಮಲ್ಲರಲ್ಲಿ ೨೪೦ ಪೌಂಡು ಮೀರಿದವರು ಅಪರೂಪವಲ್ಲ. ಈ ಅಂತರ ಅಲ್ಪವಲ್ಲ. ಆದರೆ ಅದೇ ನಿರ್ಣಾಯಕವೂ ಅಲ್ಲ. ೧೯೧೯ರಲ್ಲಿ ತನಗಿಂತ ಐವತ್ತು ಪೌಂಡಿಗೂ ಹೆಚ್ಚು ಭಾರವಾಗಿದ್ದ ಜೆಸ್ ವಿಲ್ಲರ್ಡನನ್ನು ಜಾಕ್ ಡೆಂಪ್ಸಿ ಮೂರು ಸುತ್ತುಗಳಲ್ಲಿ ಜರ್ಜರಿತಗೊಳಿಸಿದನು. ೨೦೨೪ರಲ್ಲಿ ಅಲೆಕ್ಸಾಂಡರ್ ಉಸಿಕ್ ತನಗಿಂತ ಎತ್ತರದಲ್ಲಿಯೂ ತೂಕದಲ್ಲಿಯೂ ಬಹಳ ಮಿಗಿಲಾಗಿದ್ದ ಟೈಸನ್ ಫ್ಯೂರಿಯನ್ನು ರಿಯಾಧಿನಲ್ಲಿ ಸೋಲಿಸಿದನು. ಅಲ್ಲದೆ, ಈ ವಾದ ಹೆವಿವೆಯ್ಟ್ ವರ್ಗಕ್ಕೆ ಮಾತ್ರ ಸಲ್ಲತಕ್ಕದ್ದು. ೧೯೧೭ರಿಂದ ೧೯೨೫ರವರೆಗೆ ಲೈಟ್‌ವೆಯ್ಟ್ ಪದವಿ ವಹಿಸಿದ್ದ ಬೆನ್ನಿ ಲೆನಾರ್ಡನಿಗೆ ಇದ್ದ ೧೩೫ ಪೌಂಡಿನ ಮಿತಿಯೇ ಇಂದಿನ ಲೈಟ್‌ವೆಯ್ಟ್ ಮಲ್ಲನಿಗೂ ಇದೆ. ಹಿಂದೆ ಪಂದ್ಯದ ದಿನವೇ ತೂಗುತ್ತಿದ್ದರು, ಇಂದು ಸಾಮಾನ್ಯವಾಗಿ ಹಿಂದಿನ ದಿನ ತೂಗುತ್ತಾರೆ. ಆದಕಾರಣ ಇಂದಿನವನು ಕಣವನ್ನೇರುವ ವೇಳೆಗೆ ಹಲವು ಪೌಂಡು ಹೆಚ್ಚಿರುತ್ತಾನೆ. ಇಷ್ಟನ್ನು ಬಿಟ್ಟರೆ ಅಲ್ಲಿ ಗಾತ್ರದ ಪ್ರಶ್ನೆಯೇ ಏಳುವುದಿಲ್ಲ.

ಎರಡನೆಯದು ನಿಯಮ. ೧೮೮೯ರಲ್ಲಿ ಜಾನ್ ಸಲಿವನ್ನನೂ ಜೇಕ್ ಕಿಲ್ರೇನನೂ ಮಿಸಿಸಿಪ್ಪಿಯ ಸುಡುಬಿಸಿಲಿನಲ್ಲಿ ಬರಿಗೈಯಿಂದ ೭೫ ಸುತ್ತು ಕಾದಿದರು. ಒಬ್ಬನು ನೆಲಕ್ಕೆ ಬಿದ್ದಾಗ ಸುತ್ತು ಮುಗಿಯುತ್ತಿತ್ತು. ಎದುರಾಳಿಯನ್ನು ಹಿಡಿದು ಕೆಡವುವುದಕ್ಕೂ ಅವಕಾಶವಿತ್ತು. ಮೂರು ನಿಮಿಷದ ಸುತ್ತು, ಒಂದು ನಿಮಿಷದ ವಿಶ್ರಾಂತಿ, ಕೈಗವಸು ಇವುಗಳನ್ನು ವಿಧಿಸಿದ ಕ್ವೀನ್ಸ್‌ಬೆರಿ ನಿಯಮಗಳು ೧೮೬೭ರಲ್ಲಿಯೇ ಪ್ರಕಟವಾಗಿದ್ದರೂ ಅವು ಪೂರ್ಣವಾಗಿ ನೆಲೆಗೊಳ್ಳಲು ಕಾಲು ಶತಮಾನವೇ ಹಿಡಿಯಿತು. ೧೮೯೨ರಲ್ಲಿ ಅದೇ ಸಲಿವನ್ನನು ಕೈಗವಸು ತೊಟ್ಟು ಜೇಮ್ಸ್ ಕಾರ್ಬೆಟ್ಟನ ಚಾತುರ್ಯಕ್ಕೆ ೨೧ನೆಯ ಸುತ್ತಿನಲ್ಲಿ ಮಣಿದನು. ಸಲಿವನ್ನನಿಗೆ ವಯಸ್ಸಾಗಿತ್ತೆಂಬುದು ನಿಜ. ಆದರೆ ಆಟವೂ ಬದಲಾಗಿತ್ತು. ೧೯೧೯ರಲ್ಲಿ ಡೆಂಪ್ಸಿ ಬಿದ್ದ ವಿಲ್ಲರ್ಡನ ಪಕ್ಕದಲ್ಲಿಯೇ ನಿಂತು, ಅವನು ಏಳುತ್ತಿದ್ದಂತೆ ಹೊಡೆಯಬಹುದಾಗಿತ್ತು. ೧೯೨೭ರಲ್ಲಿ ದೂರದ ಮೂಲೆಗೆ ಸರಿಯಬೇಕೆಂಬ ನಿಯಮವಿದ್ದುದರಿಂದ, ಸರಿಯದೆ ನಿಂತ ಅದೇ ಡೆಂಪ್ಸಿಯ ಎದುರಾಳಿ ಜೀನ್ ಟನ್ನಿಗೆ ಎಣಿಕೆಯಲ್ಲಿ ಹೆಚ್ಚಿನ ಕಾಲ ದೊರೆತು, ಕೊನೆಗೆ ಅವನೇ ಗೆದ್ದನು. ೧೯೮೨ರಲ್ಲಿ ಕೊರಿಯದ ಕಿಮ್ ದುಕ್-ಕೂ ಪಂದ್ಯದ ಪೆಟ್ಟಿನಿಂದ ಮರಣ ಹೊಂದಿದ ಬಳಿಕ ಪದವಿಪಂದ್ಯಗಳು ಕ್ರಮೇಣ ೧೫ ಸುತ್ತುಗಳಿಂದ ೧೨ಕ್ಕೆ ಇಳಿದುವು. ನಮ್ಮ ಮೈಸೂರು ದಸರೆಯ ವಜ್ರಮುಷ್ಟಿ ಕಾಳಗದಲ್ಲಿ ಮೊದಲ ರಕ್ತಬಿಂದುವೇ ತೀರ್ಪು ಎಂಬುದನ್ನು ನೆನೆದರೆ, ಗೆಲುವೆಂಬುದು ನಿಯಮದ ಶಿಶುವೆಂಬುದು ಸ್ಪಷ್ಟವಾಗುತ್ತದೆ. ಆದುದರಿಂದ ‘ಯಾರು ಗೆಲ್ಲುತ್ತಿದ್ದರು?’ ಎಂದು ಕೇಳುವ ಮೊದಲು ‘ಯಾವ ನಿಯಮದಂತೆ?’ ಎಂದು ಕೇಳಬೇಕಾಗುತ್ತದೆ.

ಮೂರನೆಯದು ಅನುಭವ. ಹ್ಯಾರಿ ಗ್ರೆಬ್ ಸುಮಾರು ೩೦೦ ಪಂದ್ಯಗಳನ್ನೂ ರೇ ರಾಬಿನ್ಸನ್ ಸುಮಾರು ೨೦೦ ಪಂದ್ಯಗಳನ್ನೂ ಆಡಿದರು. ೨೦೧೭ರಲ್ಲಿ ಫ್ಲಾಯ್ಡ್ ಮೇವೆದರ್‌ನ ವೃತ್ತಿಪಂದ್ಯಗಳ ಗಣನೆ ೫೦ಕ್ಕೆ ನಿಂತಿತು. ಇಂದಿನವನಿಗೆ ಆಹಾರಶಾಸ್ತ್ರ, ವೈದ್ಯ, ಎದುರಾಳಿಯ ಚಲನಚಿತ್ರಗಳ ಅಭ್ಯಾಸ ಇವೆಲ್ಲ ಒದಗಿವೆ. ಹಿಂದಿನವನಿಗೆ ಕಣವೇ ಪಾಠಶಾಲೆಯಾಗಿತ್ತು. ಇಲ್ಲಿ ಆಧಾರಗಳ ಮಿತಿಯನ್ನೂ ಗಮನಿಸಬೇಕು. ಟನ್ನಿಯನ್ನು ಸೋಲಿಸಿದ ಏಕೈಕ ವ್ಯಕ್ತಿಯಾದ ಗ್ರೆಬ್ಬನ ಒಂದು ಪಂದ್ಯದ ಚಿತ್ರವೂ ದೊರೆತಿಲ್ಲ. ಕೈಯಿಂದ ತಿರುಗಿಸಿ ತೆಗೆದ ಹಳೆಯ ಚಿತ್ರಗಳನ್ನು ತಪ್ಪು ವೇಗದಲ್ಲಿ ತೋರಿಸಿದಾಗ ನಿಪುಣನೂ ಬೊಂಬೆಯಂತೆ ಕುಣಿಯುತ್ತಾನೆ. ಅದನ್ನು ಕಂಡು ಹಿಂದಿನವರು ಒರಟರೆಂದು ನಿರ್ಣಯಿಸುವುದು ಯುಕ್ತವಲ್ಲ.

ಎರಡು ತಲೆಮಾರುಗಳು ನಿಜವಾಗಿಯೇ ಸಂಧಿಸಿದ ಪ್ರಸಂಗಗಳೂ ಉಂಟು. ೧೯೫೧ರಲ್ಲಿ ೩೭ ವರ್ಷದ ಜೋ ಲೂಯಿಯನ್ನು ಮಾರ್ಸಿಯಾನೊ ಕೆಡವಿದನು. ೧೯೫೫ರಲ್ಲಿ ಮಾರ್ಸಿಯಾನೊನಿಗೆ ಸೋತ ಆರ್ಚಿ ಮೂರ್ ೧೯೬೨ರಲ್ಲಿ ಅಲಿಗೂ ಸೋತನು. ಇವು ಮುಪ್ಪಿನ ಮೇಲೆ ಯೌವನದ ಜಯವೆಂದು ಹೇಳಿಬಿಡಬಹುದು. ಆದರೆ ೧೯೭೪ರಲ್ಲಿ ಅಲಿಗೆ ಪದವಿಯನ್ನೊಪ್ಪಿಸಿದ ಜಾರ್ಜ್ ಫೋರ್‌ಮನ್ ೧೯೯೪ರಲ್ಲಿ, ತನ್ನ ೪೫ನೆಯ ವಯಸ್ಸಿನಲ್ಲಿ, ೨೬ ವರ್ಷದ ಮೈಕೇಲ್ ಮೂರರ್‌ನನ್ನು ಹತ್ತನೆಯ ಸುತ್ತಿನಲ್ಲಿ ಉರುಳಿಸಿ ಅದನ್ನು ಮರಳಿ ಪಡೆದನು. ಒಂದು ನಿದರ್ಶನದಿಂದ ಸಿದ್ಧಾಂತ ಹುಟ್ಟದು; ಆದರೂ ಕಾಲ ಮುಂದುವರಿದಂತೆ ಕಲೆಯೂ ತಪ್ಪದೆ ಮುಂದುವರಿಯುತ್ತದೆಂಬ ನಂಬಿಕೆಗೆ ಇದು ಬಲವಾದ ಪ್ರಶ್ನೆಯಾಗಿದೆ.

ಇದೆಲ್ಲಕ್ಕಿಂತ ಗುರುತರವಾದ ಸಂಗತಿ ಇನ್ನೊಂದಿದೆ. ನಾವು ತುಲನೆಗೆ ತೆಗೆದುಕೊಳ್ಳುವ ಹಿಂದಿನ ವಿಜೇತರ ಪಟ್ಟಿಯೇ ಪೂರ್ಣವೇ? ಕರಿಯರೊಡನೆ ಪದವಿಗಾಗಿ ಹೋರಾಡುವುದಿಲ್ಲವೆಂದು ಸಲಿವನ್ನನು ಬಹಿರಂಗವಾಗಿ ಸಾರಿದನು. ೧೮೯೧ರಲ್ಲಿ ಕಾರ್ಬೆಟ್ಟನೊಡನೆ ೬೧ ಸುತ್ತು ಸಮಸಮನಾಗಿ ಕಾದಿದ ಪೀಟರ್ ಜಾಕ್ಸನ್ನನಿಗೆ ಪದವಿಪಂದ್ಯ ದೊರೆಯಲೇ ಇಲ್ಲ. ೧೯೦೮ರಲ್ಲಿ ಸಿಡ್ನಿಯಲ್ಲಿ ಗೆದ್ದು ಪದವಿಗೇರಿದ ಜಾಕ್ ಜಾನ್ಸನ್ ೧೯೧೫ರಲ್ಲಿ ಅದನ್ನು ಕಳೆದುಕೊಂಡ ಮೇಲೆ, ೧೯೩೭ರಲ್ಲಿ ಲೂಯಿ ಬರುವವರೆಗೆ ಯಾವ ಕರಿಯನಿಗೂ ಹೆವಿವೆಯ್ಟ್ ಪದವಿಗಾಗಿ ಸೆಣಸುವ ಅವಕಾಶವಿರಲಿಲ್ಲ. ಡೆಂಪ್ಸಿಯ ಕಾಲದಲ್ಲಿ ಹ್ಯಾರಿ ವಿಲ್ಸ್ ವರ್ಷಗಟ್ಟಲೆ ಕಾದು ನಿರಾಶನಾದನು. ತನ್ನ ಕಾಲದ ಪ್ರಬಲ ಎದುರಾಳಿಯನ್ನೇ ಎದುರಿಸದ ವಿಜೇತನು ನೂರು ವರ್ಷಗಳ ಅನಂತರದವನನ್ನು ಗೆಲ್ಲುತ್ತಿದ್ದನೇ ಎಂದು ಕೇಳುವುದಕ್ಕಿಂತ, ಅವನು ಜಾಕ್ಸನ್ನನನ್ನೋ ವಿಲ್ಸನನ್ನೋ ಗೆಲ್ಲುತ್ತಿದ್ದನೇ ಎಂದು ಕೇಳುವುದು ಹೆಚ್ಚು ನ್ಯಾಯವಾದುದು. ಕಾಲ್ಪನಿಕ ಪಂದ್ಯಗಳಲ್ಲಿ ಮೊದಲು ನಡೆಯಬೇಕಾದವು ಇವೇ. ಏಕೆಂದರೆ ಅವುಗಳನ್ನು ತಡೆದದ್ದು ಕಾಲವಲ್ಲ, ಮನುಷ್ಯರು.

ಒಟ್ಟಿನಲ್ಲಿ ಹೇಳುವುದಾದರೆ, ಇಂದಿನ ನಿಯಮದಂತೆ ನಡೆದ ಪಂದ್ಯದಲ್ಲಿ ಇಂದಿನ ಶ್ರೇಷ್ಠ ಹೆವಿವೆಯ್ಟ್ ಮಲ್ಲನು ಕಳೆದ ಶತಮಾನದ ಆರಂಭದ ವಿಜೇತರನ್ನು ಬಹುಶಃ ಗೆಲ್ಲುವನು. ಅಂದಿನ ನಿಯಮದಂತೆ ಬಿಸಿಲಿನಲ್ಲಿ ಮಿತಿಯಿಲ್ಲದೆ ಕಾದಬೇಕಾದರೆ ಅದೇ ಮಾತನ್ನು ಹೇಳಲಾಗದು. ಕೆಳಗಿನ ತೂಕಗಳಲ್ಲಿಯಂತೂ ಲೆನಾರ್ಡ್, ರಾಬಿನ್ಸನ್ನರಂಥವರು ಯಾವ ಕಾಲದವರಿಗೂ ಸಮರ್ಥ ಎದುರಾಳಿಗಳೇ. ಪ್ರತಿಯೊಬ್ಬ ವೀರನನ್ನೂ ಅವನ ಕಾಲದ ನಿಯಮದಲ್ಲಿ, ಅವನು ಎದುರಿಸಿದವರ ನಡುವೆ ಮಾತ್ರವಲ್ಲದೆ ಎದುರಿಸದೆ ಉಳಿದವರ ನಡುವೆಯೂ ನಿಲ್ಲಿಸಿ ನೋಡುವುದೇ ಇತಿಹಾಸಕಾರನಿಗೆ ಉಚಿತವಾದ ಮಾರ್ಗ.